ತೆಂಗಿನಕಾಯಿ, ಎಣ್ಣೆ, ಕುಚ್ಚಲಕ್ಕಿ: ಏರಿದ ದರದಲ್ಲಿ ಕರಾವಳಿಯ ಅಡುಗೆಮನೆಯ ಖರ್ಚನ್ನು ಹೇಗೆ ನಿಭಾಯಿಸುತ್ತಿದ್ದೀರಿ?

ಕುಲಶೇಖರ ನಿವಾಸಿ

ಮಂಗಳೂರಿನ ಕುಲಶೇಖರದಿಂದ ಎಲ್ಲರಿಗೂ ನಮಸ್ಕಾರ. ದಿನಸಿಯ ಖರ್ಚು ತಗ್ಗಿಸುವ ಬಗ್ಗೆ ಬರುವ ಸಲಹೆಗಳನ್ನು ನಾನು ಬಹಳ ಕಾಲದಿಂದ ಓದುತ್ತಿದ್ದೇನೆ. ಅವುಗಳಲ್ಲಿ ಹೆಚ್ಚಿನವು ಗೋಧಿ ಹಿಟ್ಟು, ಸೂರ್ಯಕಾಂತಿ ಎಣ್ಣೆ, ನೀರುಳ್ಳಿ, ಟೊಮೆಟೊಗಳನ್ನು ಮುಂದಿಟ್ಟುಕೊಂಡು ಬರೆದವು. ನಮ್ಮ ಮನೆಯ ದುಡ್ಡು ಹೋಗುವ ದಾರಿಯೇ ಬೇರೆ. ಎರಡು ಹೊತ್ತು ಕುಚ್ಚಲಕ್ಕಿ ಅನ್ನ, ಯಾವ ಪದಾರ್ಥ ಮಾಡಿದರೂ ಅದಕ್ಕೆ ಅರೆಯುವ ತೆಂಗಿನಕಾಯಿ, ಒಗ್ಗರಣೆಗೂ ಕಾಯಿಸಲಿಕ್ಕೂ ತೆಂಗಿನೆಣ್ಣೆ, ವಾರದಲ್ಲಿ ಮೂರ್ನಾಲ್ಕು ದಿನ ಮೀನು, ಹಾಲು, ಬ್ಯಾಡಗಿ ಮೆಣಸು. ಇವಿಷ್ಟರ ದರ ಏರಿದರೆ ಉಳಿದದ್ದೆಲ್ಲ ಇಳಿದರೂ ನಮಗೆ ಹೆಚ್ಚಿನ ಪ್ರಯೋಜನವಿಲ್ಲ.

ನಾವು ಮನೆಯಲ್ಲಿ ನಾಲ್ವರು: ನಾನು, ಯಜಮಾನರು, ಅತ್ತೆ, ಹೈಸ್ಕೂಲಿಗೆ ಹೋಗುವ ಮಗ. ದಿನಸಿ, ತರಕಾರಿ, ಹಾಲು, ಮೀನು ಎಲ್ಲ ಸೇರಿ ತಿಂಗಳಿಗೆ 12,000 ರೂಪಾಯಿ ತೆಗೆದಿಡುತ್ತಿದ್ದೆವು. ಈಗ 15,000 ತೆಗೆದಿಟ್ಟರೂ ಕೊನೆಯ ವಾರ ಕೈ ಬಿಗಿಯಾಗುತ್ತದೆ. ಹಿಂದಿನ ಲೆಕ್ಕದ ಪುಸ್ತಕಗಳನ್ನು ಬಿಡಿಸಿ ನೋಡಿದಾಗ ಒಂದು ವಿಷಯ ಸ್ಪಷ್ಟವಾಯಿತು. ಹೆಚ್ಚಾದ ಮೂರು ಸಾವಿರದಲ್ಲಿ ಅರ್ಧದಷ್ಟು ತೆಂಗಿನಕಾಯಿ ಮತ್ತು ತೆಂಗಿನೆಣ್ಣೆ ಎರಡರಿಂದಲೇ ಬಂದಿದೆ. ಕಿಲೋಗೆ 30 ರೂಪಾಯಿಯ ಆಸುಪಾಸಿನಲ್ಲಿದ್ದ ಕಾಯಿ 2025ರಲ್ಲಿ 60 ದಾಟಿತು. 200 ರೂಪಾಯಿ ಕೊಟ್ಟು ತರುತ್ತಿದ್ದ ಒಂದು ಲೀಟರ್ ಎಣ್ಣೆಗೆ 400ಕ್ಕಿಂತ ಹೆಚ್ಚು ಕೊಡಬೇಕಾಯಿತು. ದಿನಕ್ಕೊಂದು ಕಾಯಿ ಒಡೆಯುವ ಮನೆಯಲ್ಲಿ ಇದು ಸಣ್ಣ ಮಾತಲ್ಲ.

ಎಲ್ಲದರಲ್ಲಿಯೂ ಸ್ವಲ್ಪ ಸ್ವಲ್ಪ ಕಡಿತ ಮಾಡಿ ಎಂದು ಹಲವರು ಹೇಳುತ್ತಾರೆ. ಆ ಮಾತನ್ನು ನಾನು ಒಪ್ಪುವುದಿಲ್ಲ. ಬೆಳೆಯುವ ಹುಡುಗನ ಹಾಲನ್ನು, ವಯಸ್ಸಾದ ಅತ್ತೆಯವರ ಬೇಳೆ ಮೀನನ್ನು ಕಡಿಮೆ ಮಾಡಿ ಉಳಿಸುವ ಹಣ ಉಳಿತಾಯವಲ್ಲ. ಯಾವುದನ್ನು ಮುಟ್ಟಬಾರದು, ಯಾವುದನ್ನು ಬದಲಾಯಿಸಬಹುದು ಎಂಬುದನ್ನು ಕರಾವಳಿಯ ಅಡುಗೆಯ ಒಳಗಿನಿಂದಲೇ ಯೋಚಿಸಬೇಕು. ಅದಕ್ಕಾಗಿ ನಿಮ್ಮೆಲ್ಲರ ಅನುಭವ ಕೇಳುತ್ತಿದ್ದೇನೆ.

ಅರ್ಥಶಾಸ್ತ್ರ ಉಪನ್ಯಾಸಕ, ಉಡುಪಿ

ನಿಮ್ಮ ಲೆಕ್ಕ ಸರಿಯಾಗಿದೆ. ಹಣದುಬ್ಬರ ಇಳಿಯಿತು ಎನ್ನುವಾಗ ಮನೆಯ ಖರ್ಚು ಏಕೆ ಏರಿದೆ ಎಂದು ನನ್ನ ವಿದ್ಯಾರ್ಥಿಗಳೂ ಕೇಳುತ್ತಾರೆ. 2025ರ ಅಕ್ಟೋಬರಿನಲ್ಲಿ ದೇಶದ ಚಿಲ್ಲರೆ ಹಣದುಬ್ಬರ ಶೇ 0.25ಕ್ಕೆ ಇಳಿಯಿತು, ಆಹಾರ ಪದಾರ್ಥಗಳ ದರ ಹಿಂದಿನ ವರ್ಷಕ್ಕಿಂತ ಶೇ 5ರಷ್ಟು ಕಡಿಮೆಯಾಯಿತು ಎಂಬ ಸುದ್ದಿ ಬಂತು. ಅದು ಸುಳ್ಳಲ್ಲ. ಆದರೆ 2024ರ ಅಕ್ಟೋಬರಿನಲ್ಲಿ ಆಹಾರದ ಹಣದುಬ್ಬರ ಶೇ 10.87ರಷ್ಟಿತ್ತು. ಅಷ್ಟು ಎತ್ತರಕ್ಕೆ ಏರಿದ ದರ ಶೇ 5ರಷ್ಟು ಇಳಿದರೆ ಅದು ಎರಡು ವರ್ಷಗಳ ಹಿಂದಿನ ಮಟ್ಟಕ್ಕೆ ಮರಳಿದೆ ಎಂದು ಅರ್ಥವಲ್ಲ. ಜೊತೆಗೆ, ಇಳಿದದ್ದು ಮುಖ್ಯವಾಗಿ ತರಕಾರಿ ಮತ್ತು ಬೇಳೆಕಾಳು. ದೇಶದ ಸರಾಸರಿ ಮನೆಯಲ್ಲಿ ತೆಂಗಿನಕಾಯಿಯ ಪಾಲು ಬಹಳ ಚಿಕ್ಕದು. ನಿಮ್ಮ ಮನೆಯಲ್ಲಿ ಅದು ಅಕ್ಕಿಯ ಪಾಲಿಗೆ ಸಮನಾಗಿದೆ. ಸರಾಸರಿಯ ಅಂಕಿ ನಿಮ್ಮ ಅಡುಗೆಮನೆಯನ್ನು ತೋರಿಸುವುದಿಲ್ಲ.

ಬೇರೆ ಎಣ್ಣೆಗಳ ಕಥೆಯನ್ನೂ ಹೇಳಿಬಿಡುತ್ತೇನೆ. ನಮ್ಮ ದೇಶ ತನಗೆ ಬೇಕಾದ ಖಾದ್ಯ ತೈಲದಲ್ಲಿ ಅರ್ಧಕ್ಕಿಂತ ಹೆಚ್ಚಿನದನ್ನು ಹೊರಗಿನಿಂದ ತರಿಸಿಕೊಳ್ಳುತ್ತದೆ. 2024ರ ಸೆಪ್ಟೆಂಬರಿನಲ್ಲಿ ಕಚ್ಚಾ ತಾಳೆ, ಸೋಯಾ, ಸೂರ್ಯಕಾಂತಿ ಎಣ್ಣೆಗಳ ಮೇಲಿನ ಮೂಲ ಆಮದು ಸುಂಕ ಸೊನ್ನೆಯಿಂದ ಶೇ 20ಕ್ಕೆ ಏರಿತು. 2025ರ ಮೇ ಕೊನೆಯಲ್ಲಿ ಅದನ್ನು ಶೇ 10ಕ್ಕೆ ಇಳಿಸಿದರು. ತೆಂಗಿನೆಣ್ಣೆ ದುಬಾರಿಯಾಯಿತೆಂದು ಸೂರ್ಯಕಾಂತಿಗೆ ಹೊರಳಿದವರಿಗೂ ಆ ಏರಿಕೆಯ ಬಿಸಿ ತಾಗಿತ್ತು.

ಬ್ರಹ್ಮಾವರದ ಕೃಷಿಕ

ತೆಂಗಿನ ದರ ಏಕೆ ಏರಿತು ಎಂಬುದನ್ನು ತೋಟದ ಕಡೆಯಿಂದ ಹೇಳುತ್ತೇನೆ. ಅದು ಗೊತ್ತಿದ್ದರೆ ದರ ಯಾವಾಗ ಇಳಿಯಬಹುದೆಂಬ ಅಂದಾಜೂ ಸಿಗುತ್ತದೆ. ತೆಂಗಿನ ಹಿಂಗಾರ ಬಿರಿದು ಕಾಯಿ ಬಲಿಯಲು ಹತ್ತಿರ ಹತ್ತಿರ ಒಂದು ವರ್ಷ ಬೇಕು. 2024ರ ಬೇಸಿಗೆಯ ಸುಡುಬಿಸಿಲಿನಲ್ಲಿ ಉದುರಿದ ಮಿಡಿಗಳ ನಷ್ಟ 2025ರ ಕೊಯ್ಲಿನಲ್ಲಿ ಕಾಣಿಸಿತು. ಅದರ ಮೇಲೆ ಬಿಳಿನೊಣದ ಕಾಟ. 2016ರಲ್ಲಿ ತಮಿಳುನಾಡಿನ ಪೊಳ್ಳಾಚಿಯ ಕಡೆ ಮೊದಲು ಕಂಡ ಸುರುಳಿ ಬಿಳಿನೊಣ ಈಗ ನಮ್ಮ ಗರಿಗಳ ಅಡಿಯಲ್ಲೆಲ್ಲ ಕುಳಿತಿದೆ. ಅದು ಸ್ರವಿಸುವ ಅಂಟಿನ ಮೇಲೆ ಕಪ್ಪು ಬೂಷ್ಟು ಬೆಳೆದು ಗರಿ ಬಿಸಿಲನ್ನು ಹೀರುವುದೇ ಕಡಿಮೆಯಾಗುತ್ತದೆ. ಇನ್ನು ಎಳನೀರಿಗೆ ಕೈತುಂಬ ದರ ಸಿಗುವಾಗ ಕಾಯಿ ಬಲಿಯುವವರೆಗೆ ಕಾಯುವ ರೈತರು ಕಡಿಮೆ. ಮರ ಹತ್ತುವವರು ಸಿಗುವುದಿಲ್ಲ, ಮಂಗಗಳ ಹಾವಳಿ ಬೇರೆ. ಆದ್ದರಿಂದ ಒಂದು ಒಳ್ಳೆಯ ಮಳೆಗಾಲ ಬಂದ ಮಾತ್ರಕ್ಕೆ ದರ ತಟ್ಟನೆ ಇಳಿಯುವುದಿಲ್ಲ.

ಇಷ್ಟು ವರ್ಷ ಕಾಯಿಗೆ ಸಿಕ್ಕಿದ ದರದಲ್ಲಿ ಕೊಯ್ಲಿನ ಕೂಲಿಯೂ ಹುಟ್ಟದ ದಿನಗಳಿದ್ದವು. ಈಗಿನ ದರ ರೈತನಿಗೆ ಬಹಳ ಕಾಲದ ನಂತರ ಬಂದದ್ದು ಎಂಬುದನ್ನೂ ಅಕ್ಕ ಗಮನದಲ್ಲಿಡಬೇಕೆಂದು ಕೋರುತ್ತೇನೆ.

ಕುಲಶೇಖರ ನಿವಾಸಿ

ಅಣ್ಣ, ಅದನ್ನು ಖಂಡಿತ ಒಪ್ಪುತ್ತೇನೆ. ನನ್ನ ತವರಿನಲ್ಲಿಯೂ ತೆಂಗು ಇದೆ. ಬೆಳೆದವರ ದರ ಇಳಿಯಲಿ ಎಂದು ನಾನು ಕೇಳುತ್ತಿಲ್ಲ. ಈ ದರದಲ್ಲಿ ಬದುಕುವ ಕ್ರಮ ಹೇಗೆ ಎಂದು ಕೇಳುತ್ತಿದ್ದೇನೆ.

ಕಾಪುವಿನ ನಿವೃತ್ತ ಶಿಕ್ಷಕಿ

ಕ್ರಮ ನಮ್ಮ ಅಡುಗೆಯಲ್ಲಿಯೇ ಇದೆ. ಕಾಯಿ ಅರೆಯದೆ ಮಾಡುವ ಪದಾರ್ಥಗಳು ನಮ್ಮಲ್ಲಿ ಎಷ್ಟೊಂದಿವೆ! ಕಾಯಿ ಧಾರಾಳವಾಗಿ ಸಿಗತೊಡಗಿದ ಮೇಲೆ ಅವು ಹಿಂದೆ ಸರಿದವು. ಬೋಳು ಹುಳಿಯನ್ನೇ ತೆಗೆದುಕೊಳ್ಳಿ. ಮಂಗಳೂರು ಸೌತೆಯನ್ನು ಸಿಪ್ಪೆ ಸಮೇತ ದೊಡ್ಡ ಹೋಳು ಮಾಡಿ, ಬೇಯಿಸಿದ ತೊಗರಿಬೇಳೆಗೆ ಸೇರಿಸಿ, ಹುಣಸೆಹುಳಿ, ಉಪ್ಪು, ಸ್ವಲ್ಪ ಬೆಲ್ಲ, ಮೆಣಸಿನ ಪುಡಿ ಹಾಕಿ ಕುದಿಸಬೇಕು. ಮೇಲೆ ಜಜ್ಜಿದ ಬೆಳ್ಳುಳ್ಳಿ, ಸಾಸಿವೆ, ಒಣಮೆಣಸು, ಕರಿಬೇವಿನೆಲೆಯ ಒಗ್ಗರಣೆ. ಬೆಳ್ಳುಳ್ಳಿ ಹೊಂಬಣ್ಣಕ್ಕೆ ಬರುವವರೆಗೆ ತಾಳ್ಮೆಯಿಂದ ಕಾಯಬೇಕು, ರುಚಿ ಇರುವುದು ಅಲ್ಲಿಯೇ. ಎಣ್ಣೆ ಎರಡು ಚಮಚ ಸಾಕು. ಕುಚ್ಚಲಕ್ಕಿ ಅನ್ನಕ್ಕೆ ಇದಕ್ಕಿಂತ ಒಳ್ಳೆಯ ಜೋಡಿ ಇಲ್ಲ. ಹುರುಳಿ ಸಾರಿಗೂ ಕಾಯಿ ಬೇಡ. ಹುರುಳಿಯನ್ನು ರಾತ್ರಿ ನೆನೆಹಾಕಿ ಬೇಯಿಸಿದರೆ ಕಟ್ಟು ಸಾರಿಗೆ, ಕಾಳು ಪಲ್ಯಕ್ಕೆ. ಒಂದು ಕಾಳಿನಿಂದ ಎರಡು ಪದಾರ್ಥ. ತೊಗರಿಬೇಳೆಗಿಂತ ಅಗ್ಗ, ದೇಹಕ್ಕೂ ಒಳ್ಳೆಯದು.

ಕಾಯಿ ಹಾಳಾಗದಂತೆ ನೋಡಿಕೊಳ್ಳುವುದೂ ಉಳಿತಾಯವೇ. ಕಾಯಿ ತರುವಾಗ ಜುಟ್ಟು ಉಳಿಸಿ ಸುಲಿದದ್ದನ್ನೇ ತನ್ನಿ, ಬೋಳು ಮಾಡಿದ ಕಾಯಿಯ ಕಣ್ಣಿನ ಕಡೆಯಿಂದ ಬೇಗ ಕೆಡುತ್ತದೆ. ಒಡೆದ ಮೇಲೆ ಕಣ್ಣಿರುವ ಹೋಳನ್ನು ಮೊದಲು ಬಳಸಿ, ಇನ್ನೊಂದನ್ನು ನಾಳೆಗೆ ಇಡಿ. ಎರಡು ದಿನ ಊರಿಗೆ ಹೋಗುವುದಿದ್ದರೆ ಉಳಿದ ಹೋಳನ್ನು ತುರಿದು ಫ್ರೀಜರಿನಲ್ಲಿಡಿ.

ತರಕಾರಿಯ ವಿಷಯಕ್ಕೆ ಬಂದರೆ, ಘಟ್ಟದ ಮೇಲಿನಿಂದ ಬರುವುದನ್ನು ನೆಚ್ಚಿಕೊಂಡಷ್ಟೂ ನಮಗೆ ಕಷ್ಟ. 2024ರ ಜುಲೈ ಕೊನೆಯಲ್ಲಿ ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದು ಹೆದ್ದಾರಿ ಮುಚ್ಚಿದ್ದು ಎಲ್ಲರಿಗೂ ನೆನಪಿರಬಹುದು. ಹಾಸನ, ಚಿಕ್ಕಮಗಳೂರು, ಕೋಲಾರದ ಕಡೆಯ ಲಾರಿ ಸುತ್ತಿ ಬಳಸಿ ಬಂದರೆ ಆ ಬಾಡಿಗೆ ಬೀನ್ಸು, ಕ್ಯಾರೆಟ್ಟಿನ ಮೇಲೆ ಬೀಳುತ್ತದೆ. ಅದೇ ಹೊತ್ತಿಗೆ ನಮ್ಮಲ್ಲಿ ಹರಿವೆ, ಬಸಳೆ, ಅಲಸಂಡೆ, ಹೀರೆ, ಕೆಸುವಿನೆಲೆ, ತಗಟೆ ಸೊಪ್ಪು ಧಾರಾಳ. ಗುಜ್ಜೆ (ಎಳೆ ಹಲಸಿನಕಾಯಿ), ಪಪ್ಪಾಯಿ ಕಾಯಿ, ಬಾಳೆದಿಂಡು, ನುಗ್ಗೆ ಸೊಪ್ಪುಗಳಿಗೆ ಹಿತ್ತಲಿರುವವರು ಹಣ ಕೊಡಬೇಕಾಗಿಯೇ ಇಲ್ಲ. ಬೇಸಿಗೆಯಲ್ಲಿ ಉಪ್ಪಿಗೆ ಹಾಕಿದ ಹಲಸಿನ ಸೊಳೆ ಮಳೆಗಾಲ ಪೂರ್ತಿ ಬರುತ್ತದೆ. ಮಂಗಳೂರು ಸೌತೆಯನ್ನು ಗಾಳಿಯಾಡುವಲ್ಲಿ ಒಂದಕ್ಕೊಂದು ತಾಗದಂತೆ ಬಾಳೆಪಟ್ಟೆಯ ಹಗ್ಗದಲ್ಲಿ ಕಟ್ಟಿ ತೂಗುಹಾಕಿದರೆ ತಿಂಗಳುಗಟ್ಟಲೆ ಕೆಡುವುದಿಲ್ಲ. ಆದಿ ಉಡುಪಿಯ ಬುಧವಾರದ ಸಂತೆಯಲ್ಲಿ, ಕುಂದಾಪುರದ ಶನಿವಾರದ ಸಂತೆಯಲ್ಲಿ ಊರ ತರಕಾರಿ ತಂದು ಕೂರುವವರ ಬಳಿ ಕೊಂಡರೆ ನಿಮಗೂ ಅವರಿಗೂ ಅನುಕೂಲ.

ಮಣಿಪಾಲದ ಬಾಡಿಗೆ ಮನೆ

ಟೀಚರ್, ತಾವು ಹೇಳಿದ್ದೆಲ್ಲ ಹಿತ್ತಲು, ಅಟ್ಟ ಇರುವ ಮನೆಗೆ ಸರಿ. ನಾವಿಬ್ಬರೂ ಕೆಲಸಕ್ಕೆ ಹೋಗುವವರು, ಇರುವುದು ಒಂದು ಕೋಣೆ ಮತ್ತು ಪುಟ್ಟ ಅಡುಗೆಮನೆ. ಸೌತೆ ತೂಗುಹಾಕಲು ಜಾಗವಿಲ್ಲ, ಹಸಿ ಹಲಸು ಬಿಡಿಸಲು ಸಮಯವಿಲ್ಲ. ಸಂಜೆ ಏಳೂವರೆಗೆ ಮನೆ ತಲುಪಿದಾಗ ಮೊಬೈಲಿನಲ್ಲಿ ತರಿಸಿಕೊಳ್ಳುವುದೇ ಸುಲಭವಾಗಿ ತೋರುತ್ತದೆ, ಖರ್ಚು ಹೆಚ್ಚುವುದೂ ಅಲ್ಲಿಯೇ. ನಮ್ಮಂಥವರಿಗೆ ಏನಾದರೂ ದಾರಿಯಿದೆಯೇ?

ಬಂದರಿನ ದಿನಸಿ ವ್ಯಾಪಾರಿ

ಇದೆ. ಮೂವತ್ತು ವರ್ಷಗಳಿಂದ ಅಂಗಡಿಯಲ್ಲಿ ಕುಳಿತವನಾಗಿ ಹೇಳುತ್ತೇನೆ. ಗಿರಾಕಿಗಳು ದರವನ್ನು ನೋಡುತ್ತಾರೆ, ತೂಕವನ್ನು ನೋಡುವುದಿಲ್ಲ. ಎಣ್ಣೆ, ಚಹಾಪುಡಿ, ಬಿಸ್ಕತ್ತು ಮೊದಲಾದವನ್ನು ಇಂತಿಷ್ಟೇ ತೂಕದಲ್ಲಿ ತುಂಬಬೇಕೆಂಬ ನಿಯಮ ಹಿಂದೆ ಇತ್ತು. ಈಚಿನ ವರ್ಷಗಳಲ್ಲಿ ಅದನ್ನು ತೆಗೆದರು. ಕಂಪನಿಗಳು ತಮಗೆ ಬೇಕಾದ ತೂಕದಲ್ಲಿ ತುಂಬಬಹುದು. ಅದಕ್ಕೆ ಬದಲಾಗಿ ಒಂದು ಗ್ರಾಮಿಗೆ, ಒಂದು ಮಿಲಿಲೀಟರಿಗೆ ಅಥವಾ ಕಿಲೋ, ಲೀಟರಿಗೆ ಎಷ್ಟು ಬೀಳುತ್ತದೆ ಎಂಬುದನ್ನು ಪ್ಯಾಕೆಟಿನ ಮೇಲೆ ಮುದ್ರಿಸುವುದು ಕಡ್ಡಾಯವಾಯಿತು. ಗರಿಷ್ಠ ಮಾರಾಟ ದರದ ಹತ್ತಿರವೇ ಸಣ್ಣ ಅಕ್ಷರದಲ್ಲಿ ಅದು ಇರುತ್ತದೆ. ಉದಾಹರಣೆಗೆ ಒಂದು ಲೀಟರ್ ಸೂರ್ಯಕಾಂತಿ ಎಣ್ಣೆ ಸುಮಾರು 910 ಗ್ರಾಂ ತೂಗುತ್ತದೆ. ಪಕ್ಕದಲ್ಲಿ ಅದೇ ಗಾತ್ರದ್ದಾಗಿ ಕಾಣುವ ಇನ್ನೊಂದು ಪ್ಯಾಕೆಟಿನಲ್ಲಿ 800 ಗ್ರಾಂ ಇದ್ದರೆ, ಹದಿನೈದು ರೂಪಾಯಿ ಕಡಿಮೆ ಎಂದು ಅದನ್ನು ತೆಗೆದುಕೊಂಡವರು ನಿಜವಾಗಿ ಹೆಚ್ಚು ಕೊಟ್ಟಿರುವ ಸಾಧ್ಯತೆ ಇದೆ. ಮೊಬೈಲಿನಲ್ಲಿ ತರಿಸುವವರೂ ಚಿತ್ರವನ್ನು ದೊಡ್ಡದು ಮಾಡಿ ಇದನ್ನೊಂದು ನೋಡಿಕೊಳ್ಳಲಿ.

ತೆರಿಗೆಯ ವಿಷಯವೂ ತಿಳಿದಿರಲಿ. 2022ರ ಜುಲೈ 18ರಿಂದ 25 ಕಿಲೋವರೆಗಿನ, ಲೇಬಲ್ ಹಾಕಿ ಮೊದಲೇ ತುಂಬಿಸಿಟ್ಟ ಅಕ್ಕಿ, ಬೇಳೆ, ಹಿಟ್ಟುಗಳಿಗೆ ಶೇ 5 ಜಿಎಸ್‌ಟಿ ಇದೆ. ಅಂಗಡಿಯಲ್ಲಿ ಗೋಣಿಯಿಂದ ತೆಗೆದು ತೂಗಿ ಕೊಡುವ ಅಕ್ಕಿಗೆ ತೆರಿಗೆ ಇಲ್ಲ. 26 ಕಿಲೋ ಅಕ್ಕಿಯ ಚೀಲಗಳು ಮಾರುಕಟ್ಟೆಗೆ ಬಂದದ್ದು ಈ ಕಾರಣಕ್ಕೇ. 2025ರ ಸೆಪ್ಟೆಂಬರ್ 22ರಿಂದ ಸೋಪು, ಟೂತ್‌ಪೇಸ್ಟ್, ಶಾಂಪೂ, ಬಿಸ್ಕತ್ತುಗಳ ತೆರಿಗೆ ಶೇ 18ರಿಂದ 5ಕ್ಕೆ, ಬೆಣ್ಣೆ ತುಪ್ಪಗಳದ್ದು ಶೇ 12ರಿಂದ 5ಕ್ಕೆ ಇಳಿದಿದೆ. ಅಡುಗೆ ಎಣ್ಣೆಗೆ ಮೊದಲಿನ ಶೇ 5 ಹಾಗೆಯೇ ಇದೆ. ತೆರಿಗೆ ಇಳಿಯಿತೆಂದು ದಿನಸಿ ಚೀಟಿ ಪೂರ್ತಿ ಅಗ್ಗವಾಗಬೇಕೆಂದು ಹಲವರು ನಮ್ಮೊಡನೆ ವಾದಿಸುತ್ತಾರೆ, ಆದುದರಿಂದ ಇಷ್ಟು ವಿವರ ಬರೆದೆ.

ಬ್ಯಾಡಗಿ ಮೆಣಸನ್ನು ವರ್ಷಕ್ಕಾಗುವಷ್ಟು ಕೊಳ್ಳುವುದಾದರೆ ಹೊಸ ಮಾಲು ಬರುವ ಫೆಬ್ರವರಿ ಕೊನೆಯಿಂದ ಏಪ್ರಿಲ್ ಒಳಗೆ ಕೊಳ್ಳಿ. ಬಿಸಿಲಿನಲ್ಲಿ ಎರಡು ದಿನ ಒಣಗಿಸಿ, ತೊಟ್ಟು ತೆಗೆಯದೆ ಗಾಳಿಯಾಡದ ಡಬ್ಬದಲ್ಲಿಡಿ. ಮಳೆಗಾಲದಲ್ಲಿ ಕಿಲೋಗಟ್ಟಲೆ ಕೊಂಡರೆ ಅದರಲ್ಲಿ ತೇವದ ತೂಕಕ್ಕೂ ಹಣ ಕೊಟ್ಟಂತೆ.

ಬಂಟ್ವಾಳದ ಬೀಡಿ ಕಾರ್ಮಿಕೆ

ಎಲ್ಲರೂ ವರ್ಷಕ್ಕೆ, ತಿಂಗಳಿಗೆ ಕೊಳ್ಳುವ ಮಾತನ್ನಾಡುತ್ತಿದ್ದೀರಿ. ನಮಗೆ ಮಜೂರಿ ಸಿಗುವುದು ವಾರಕ್ಕೊಮ್ಮೆ, ಸಾವಿರ ಬೀಡಿಗೆ ಇಷ್ಟು ಎಂಬ ಲೆಕ್ಕದಲ್ಲಿ. ಎಲೆ, ತಂಬಾಕು ಕಡಿಮೆ ಬಂದ ವಾರ ಮಜೂರಿಯೂ ಕಡಿಮೆ. ಅಂಥ ವಾರ ಕಾಲು ಕಿಲೋ ಬೇಳೆ, ನೂರು ಗ್ರಾಂ ಎಣ್ಣೆ ತರುತ್ತೇವೆ. ಚಿಕ್ಕ ಪ್ಯಾಕೆಟಿಗೆ ದೊಡ್ಡದಕ್ಕಿಂತ ಹೆಚ್ಚು ಬೀಳುತ್ತದೆ ಎಂಬುದು ನಮಗೂ ಗೊತ್ತಿದೆ. ಒಂದೇ ಸಲ ಐದು ಕಿಲೋ ಕೊಳ್ಳುವ ಹಣ ಕೈಯಲ್ಲಿ ಇರುವುದಿಲ್ಲ. ಕಡಿಮೆ ಸಂಪಾದಿಸುವವರು ಅದೇ ಬೇಳೆಗೆ ಹೆಚ್ಚು ಹಣ ಕೊಡುತ್ತಿದ್ದಾರೆ. ಈ ಮಾತು ಚರ್ಚೆಯಲ್ಲಿ ಬರಲೇಬೇಕೆಂದು ಬರೆಯುತ್ತಿದ್ದೇನೆ.

ನಮ್ಮ ಮನೆಯನ್ನು ಹಿಡಿದು ನಿಲ್ಲಿಸಿರುವುದು ಪಡಿತರ ಅಕ್ಕಿ. 2023ರ ಜುಲೈನಿಂದ ಹೆಚ್ಚುವರಿ ಐದು ಕಿಲೋ ಅಕ್ಕಿಯ ಬದಲು ತಲಾ 170 ರೂಪಾಯಿ ಖಾತೆಗೆ ಬರುತ್ತಿತ್ತು; 2025ರ ಫೆಬ್ರವರಿಯಿಂದ ಹಣದ ಬದಲು ಅಕ್ಕಿಯೇ ಸಿಕ್ಕಿತು, ಒಬ್ಬರಿಗೆ ಒಟ್ಟು ಹತ್ತು ಕಿಲೋ. ಗೃಹಲಕ್ಷ್ಮಿಯ 2,000 ರೂಪಾಯಿ ಬಂದ ತಿಂಗಳು ಅದು ನೇರವಾಗಿ ದಿನಸಿ ಅಂಗಡಿಯ ಉದ್ರಿ ತೀರಿಸಲು ಹೋಗುತ್ತದೆ. ಪಡಿತರದ ಅಕ್ಕಿ ಬೆಳ್ತಿಗೆ (ಬೇಯಿಸದೆ ಮಿಲ್ ಮಾಡಿದ ಬಿಳಿ ಅಕ್ಕಿ), ನಾವು ಉಣ್ಣುವುದು ಕುಚ್ಚಲಕ್ಕಿ ಎಂದು ಹೇಳಿ ಅದನ್ನು ಅರ್ಧ ದರಕ್ಕೆ ಮಾರಿಬಿಡುವವರು ನಮ್ಮ ಊರಿನಲ್ಲೂ ಇದ್ದಾರೆ. ಅದು ಕಾನೂನಿಗೆ ವಿರುದ್ಧ, ಲೆಕ್ಕದಲ್ಲಿಯೂ ನಷ್ಟ. ನೀರುದೋಸೆ, ಉದ್ದಿನ ದೋಸೆ, ಕಡುಬು, ಪುಂಡಿ, ಸೇಮಿಗೆ ಎಲ್ಲಕ್ಕೂ ಬೆಳ್ತಿಗೆಯೇ ಬೇಕಲ್ಲವೇ? ಬೆಳಗಿನ ತಿಂಡಿಗೆ ನಾವು ಅಂಗಡಿಯಿಂದ ಅಕ್ಕಿ ತರುವುದನ್ನೇ ಬಿಟ್ಟಿದ್ದೇವೆ.

ಅದರಲ್ಲಿ ಪ್ಲಾಸ್ಟಿಕ್ ಅಕ್ಕಿ ಬೆರೆತಿದೆ ಎಂದು ಹೆದರಿ ಆರಿಸಿ ಚೆಲ್ಲುವವರಿಗೆ ಒಂದು ಮಾತು. ಅದು ಸಾರವರ್ಧಿತ ಅಕ್ಕಿ. ಅಕ್ಕಿ ಹಿಟ್ಟಿಗೆ ಕಬ್ಬಿಣ, ಫೋಲಿಕ್ ಆಮ್ಲ, ಬಿ12 ಸೇರಿಸಿ ಅಕ್ಕಿಯ ಆಕಾರಕ್ಕೆ ತಂದ ಕಾಳುಗಳನ್ನು ಮಾಮೂಲು ಅಕ್ಕಿಗೆ ಬೆರೆಸಿರುತ್ತಾರೆ. ತೊಳೆಯುವಾಗ ಕೆಲವು ತೇಲುತ್ತವೆ, ಬಣ್ಣದಲ್ಲಿಯೂ ಸ್ವಲ್ಪ ವ್ಯತ್ಯಾಸ ಕಾಣುತ್ತದೆ. ಅಂಗನವಾಡಿ ಟೀಚರ್ ತಿಳಿಸಿ ಹೇಳಿದ ಮೇಲೆ ನಮ್ಮ ಕಡೆ ಯಾರೂ ಚೆಲ್ಲುವುದಿಲ್ಲ.

ಚಿಕ್ಕ ಪ್ಯಾಕೆಟಿನ ತೊಂದರೆಗೆ ನಮ್ಮ ಸ್ವಸಹಾಯ ಗುಂಪಿನಲ್ಲಿ ಒಂದು ಕ್ರಮ ಮಾಡಿಕೊಂಡೆವು. ವಾರದ ಉಳಿತಾಯದ ಹಣದಿಂದ ಗುಂಪೇ ಬೇಳೆ, ಸಕ್ಕರೆ, ಎಣ್ಣೆಯನ್ನು ರಖಂ ಅಂಗಡಿಯಿಂದ ತರಿಸುತ್ತದೆ, ನಾವು ವಾರವಾರ ತೂಗಿಸಿಕೊಂಡು ಅಂದಿನಂದಿನ ಹಣ ಕೊಡುತ್ತೇವೆ. ಉದ್ರಿ ಇಲ್ಲ. ತೂಗಿ ಕೊಡುವವರು ತಿಂಗಳಿಗೊಬ್ಬರಂತೆ ಬದಲಾಗುತ್ತಾರೆ, ಆದ್ದರಿಂದ ಅನುಮಾನಕ್ಕೂ ಎಡೆಯಿಲ್ಲ.

ಕುಲಶೇಖರ ನಿವಾಸಿ

ಅಕ್ಕ, ನಿಮ್ಮ ಗುಂಪಿನ ಕ್ರಮ ನನಗೆ ಬಹಳ ಇಷ್ಟವಾಯಿತು. ನಮ್ಮ ಬೀದಿಯಲ್ಲಿ ನಾಲ್ಕೈದು ಮನೆಯವರು ಸೇರಿ ಹೀಗೆ ಮಾಡಲು ಅಡ್ಡಿಯೇನೂ ಕಾಣುವುದಿಲ್ಲ. ಎಣ್ಣೆಯನ್ನು ಹೀಗೆ ಒಟ್ಟಾಗಿ ತರುವಾಗ ಕಲಬೆರಕೆಯ ಭಯ ಇರುವುದಿಲ್ಲವೇ? ದರ ಏರಿದ ಮೇಲೆ ಬಿಡಿ ತೆಂಗಿನೆಣ್ಣೆಯನ್ನು ನಂಬುವುದೇ ಕಷ್ಟವಾಗಿದೆ.

ಬ್ರಹ್ಮಾವರದ ಕೃಷಿಕ

ಗಾಜಿನ ಲೋಟದಲ್ಲಿ ಎಣ್ಣೆ ಹಾಕಿ ಅರ್ಧ ಗಂಟೆ ಫ್ರಿಜ್ಜಿನಲ್ಲಿಡಿ. ಫ್ರೀಜರಿನಲ್ಲಿ ಬೇಡ. ಶುದ್ಧ ತೆಂಗಿನೆಣ್ಣೆ ಪೂರ್ತಿ ಬೆಳ್ಳಗೆ ಗಟ್ಟಿಯಾಗುತ್ತದೆ. ಬೇರೆ ಎಣ್ಣೆ ಬೆರೆತಿದ್ದರೆ ಅದು ಪದರವಾಗಿ ಬೇರೆ ನಿಲ್ಲುತ್ತದೆ. ಎಲ್ಲ ಬಗೆಯ ಬೆರಕೆಯನ್ನೂ ಇದು ಹಿಡಿಯುತ್ತದೆ ಎಂದು ಹೇಳಲಾರೆ, ತಾಳೆಬೀಜದ ಎಣ್ಣೆಯೂ ತಣಿದರೆ ಗಟ್ಟಿಯಾಗುವಂಥದ್ದೇ. ಅದಕ್ಕಿಂತ ಭದ್ರವಾದ ದಾರಿಯೆಂದರೆ ಕೊಬ್ಬರಿ ಕೊಂಡು ಪರಿಚಯದ ಮಿಲ್ಲಿನಲ್ಲಿ ಕಣ್ಣೆದುರಿಗೇ ಆಡಿಸುವುದು. ಚೆನ್ನಾಗಿ ಒಣಗಿದ ಕೊಬ್ಬರಿಯ ತೂಕದಲ್ಲಿ ಶೇ 60ರಿಂದ 65ರಷ್ಟು ಎಣ್ಣೆ ಬರುತ್ತದೆ; ಮಧ್ಯಮ ಗಾತ್ರದ ಹತ್ತು ಹನ್ನೊಂದು ಕಾಯಿಗೆ ಒಂದು ಲೀಟರ್ ಎಂದಿಟ್ಟುಕೊಳ್ಳಿ. ಈಗಿನ ಕಾಯಿಯ ದರದಲ್ಲಿ ಇದರಿಂದ ದೊಡ್ಡ ಉಳಿತಾಯವಾಗದು, ಎಣ್ಣೆ ಮಾತ್ರ ನಿಮ್ಮದೇ ಆಗಿರುತ್ತದೆ. ಸ್ವಂತ ಮರವಿದ್ದವರು ಕಾಯಿ ಮಾರಿ ಎಣ್ಣೆ ಕೊಳ್ಳುವುದನ್ನು ಬಿಡುವುದೇ ಒಳ್ಳೆಯದು.

ಮಲ್ಪೆಯ ಮೀನುಗಾರ ಕುಟುಂಬ

ಮೀನಿನ ಬಗ್ಗೆ ಯಾರೂ ವಿವರವಾಗಿ ಬರೆದಿಲ್ಲವಾದ್ದರಿಂದ ನಾವು ಬರೆಯುತ್ತೇವೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ದೋಣಿಗಳು ಕಡಲಿಗಿಳಿಯುವಂತಿಲ್ಲ. ಆ ಎರಡು ತಿಂಗಳು ನಾಡದೋಣಿಯ ಮೀನು ಮತ್ತು ಹೊರಗಿನಿಂದ ಬರುವ ಐಸಿನ ಮೀನು ಮಾತ್ರ. ದರ ಏರಲೇಬೇಕು. ಆಗ ಅಂಜಲ್, ಮಾಂಜಿಯಂಥ ದುಬಾರಿ ಮೀನೇ ಬೇಕೆಂದು ಹೊರಟರೆ ಕೈ ಸುಡುತ್ತದೆ. ಹಿಂದಿನವರು ಏಪ್ರಿಲ್, ಮೇ ತಿಂಗಳಲ್ಲೇ ಒಣ ಬಂಗುಡೆ, ಒಣ ಸಿಗಡಿ, ನಂಗ್ ಮೀನು ತೆಗೆದಿಡುತ್ತಿದ್ದರು. ಒಂದು ಹಿಡಿ ಒಣ ಸಿಗಡಿಯ ಚಟ್ನಿಯಿದ್ದರೆ ಗಂಜಿಗೆ ಬೇರೇನೂ ಬೇಕಾಗುವುದಿಲ್ಲ.

ಆಗಸ್ಟಿನ ನಂತರ ಬಲೆಗೆ ಬೂತಾಯಿ (ಸಾರ್ಡೀನ್ ಮೀನು), ಬಂಗುಡೆ ತುಂಬ ಬಿದ್ದ ದಿನ ದರ ಕುಸಿಯುತ್ತದೆ. ಅಂಥ ದಿನ ಹೆಚ್ಚು ತಂದು, ಸ್ವಚ್ಛ ಮಾಡಿ, ಮೆಣಸು ಉಪ್ಪು ಹಚ್ಚಿ ಡಬ್ಬದಲ್ಲಿಟ್ಟರೆ ವಾರದ ಚಿಂತೆ ತಪ್ಪುತ್ತದೆ. ಪೌಷ್ಟಿಕತೆಯಲ್ಲಿ ಬೂತಾಯಿ ಅಂಜಲಿಗೆ ಕಡಿಮೆಯೇನಲ್ಲ, ಒಮೇಗಾ-3 ಕೊಬ್ಬು ಬೂತಾಯಿಯಲ್ಲಿ ಧಾರಾಳವಾಗಿದೆ. ಕಾಯಿಯ ಚಿಂತೆ ಇರುವವರಿಗೆ ಬೂತಾಯಿ ಪುಳಿಮುಂಚಿಗಿಂತ ಒಳ್ಳೆಯ ಅಡುಗೆ ಯಾವುದಿದೆ? ಹುರಿದ ಮೆಣಸು, ಕೊತ್ತಂಬರಿ, ಜೀರಿಗೆ, ಸ್ವಲ್ಪ ಮೆಂತೆ, ಬೆಳ್ಳುಳ್ಳಿಯನ್ನು ಹುಣಸೆಹುಳಿಯೊಂದಿಗೆ ನುಣ್ಣಗೆ ಅರೆದು ಮಣ್ಣಿನ ಪಾತ್ರೆಯಲ್ಲಿ ಕುದಿಸಿ ಮೀನು ಹಾಕಿದರಾಯಿತು. ಕಾಯಿಯ ಚೂರೂ ಬೇಡ, ಮರುದಿನಕ್ಕೆ ರುಚಿ ಇನ್ನೂ ಹೆಚ್ಚು.

ಮಣಿಪಾಲದ ಬಾಡಿಗೆ ಮನೆ

ಪುಳಿಮುಂಚಿಯ ಮಸಾಲೆಯನ್ನು ಭಾನುವಾರವೇ ಅರೆದಿಟ್ಟುಕೊಂಡರೆ ವಾರದ ಮಧ್ಯೆ ನಮ್ಮಿಂದಲೂ ಆಗುತ್ತದೆ, ಧನ್ಯವಾದ. ಗ್ಯಾಸಿನ ಬಗ್ಗೆಯೂ ಕೇಳಬೇಕಿತ್ತು. 2025ರ ಏಪ್ರಿಲ್‌ನಲ್ಲಿ ಸಿಲಿಂಡರಿಗೆ 50 ರೂಪಾಯಿ ಏರಿತು. ಕುಚ್ಚಲಕ್ಕಿ ಬೇಯಲು ಮುಕ್ಕಾಲು ಗಂಟೆ ಬೇಕು ಎಂಬ ಕಾರಣಕ್ಕೇ ನಾವು ಬೆಳ್ತಿಗೆಗೆ ಬದಲಾಯಿಸಿದ್ದೇವೆ, ಆದರೆ ಹೊಟ್ಟೆ ಬೇಗ ಹಸಿಯುತ್ತದೆ.

ಕಾಪುವಿನ ನಿವೃತ್ತ ಶಿಕ್ಷಕಿ

ಮಗೂ, ಕುಚ್ಚಲಕ್ಕಿ ಬಿಡಬೇಡಿ. ಶಾಖ ಹಿಡಿದಿಡುವ ಥರ್ಮಲ್ ಕುಕ್ಕರ್ ಎಲ್ಲ ಪಾತ್ರೆ ಅಂಗಡಿಗಳಲ್ಲಿಯೂ ಸಿಗುತ್ತದೆ. ತೊಳೆದ ಅಕ್ಕಿಯನ್ನು ಒಳಪಾತ್ರೆಯಲ್ಲಿ ಹದಿನೈದು ಇಪ್ಪತ್ತು ನಿಮಿಷ ಚೆನ್ನಾಗಿ ಕುದಿಸಿ, ಕುದಿಯುತ್ತಿರುವಾಗಲೇ ಹೊರಪಾತ್ರೆಯಲ್ಲಿಟ್ಟು ಮುಚ್ಚಿದರೆ ಒಂದೆರಡು ಗಂಟೆಯಲ್ಲಿ ಬೆಂದಿರುತ್ತದೆ, ಮತ್ತೆ ಬೆಂಕಿ ಬೇಡ. ಬೆಳಿಗ್ಗೆ ಇಟ್ಟು ಹೋದರೆ ಸಂಜೆ ಬಸಿದರೆ ಸಾಕು ಎಂದು ಕೆಲವರು ಮಾಡುತ್ತಾರೆ. ಅಷ್ಟು ಹೊತ್ತು ಇಟ್ಟರೆ ಅನ್ನ ಮುದ್ದೆಯಾಗುತ್ತದೆ. ನೀವು ರಾತ್ರಿ ಮನೆಗೆ ಬಂದ ಕೂಡಲೇ ಇಡಿ, ಮಲಗುವ ಮೊದಲು ಬಸಿದು ಮರುದಿನದ ಬುತ್ತಿಗೂ ತೆಗೆದಿಡಿ.

ಅರ್ಥಶಾಸ್ತ್ರ ಉಪನ್ಯಾಸಕ, ಉಡುಪಿ

ಕುಚ್ಚಲಕ್ಕಿಯ ದರದ ಬಗ್ಗೆಯೂ ಒಂದು ಮಾತು. 2023ರ ಜುಲೈನಲ್ಲಿ ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತನ್ನು ಕೇಂದ್ರ ಸರಕಾರ ನಿಷೇಧಿಸಿತು. ಆಗಸ್ಟಿನಲ್ಲಿ ಕುಚ್ಚಲಕ್ಕಿಯ ರಫ್ತಿಗೆ ಶೇ 20 ಸುಂಕ ಹಾಕಿತು. ಊರಿನ ದರ ಹಿಡಿತದಲ್ಲಿರಲಿ ಎಂಬುದೇ ಉದ್ದೇಶ. 2024ರ ಅಕ್ಟೋಬರಿನಲ್ಲಿ ಆ ಸುಂಕವನ್ನು ಪೂರ್ತಿ ತೆಗೆದರು. ನಮ್ಮ ಪೇಟೆಯಲ್ಲಿ ಬಿಕರಿಯಾಗುವ ಕುಚ್ಚಲಕ್ಕಿಯಲ್ಲಿ ಹೊರಗಿನಿಂದ ಬರುವ ಪಾಲು ದೊಡ್ಡದು, ಆದ್ದರಿಂದ ದೂರದ ನಿರ್ಧಾರಗಳು ಇಲ್ಲಿನ ದರಕ್ಕೂ ತಟ್ಟುತ್ತವೆ. ಊರ ಭತ್ತವನ್ನು ನೇರವಾಗಿ ಕೊಳ್ಳುವ ದಾರಿ ಇದ್ದರೆ ಅದರಿಂದ ಬೆಳೆದವರಿಗೂ ಉಣ್ಣುವವರಿಗೂ ಲಾಭವಿದೆ ಎಂದು ನನ್ನ ಅನಿಸಿಕೆ. ಬ್ರಹ್ಮಾವರದವರು ಇದರ ಬಗ್ಗೆ ಹೇಳಬಲ್ಲರು.

ಬ್ರಹ್ಮಾವರದ ಕೃಷಿಕ

ಹೇಳುತ್ತೇನೆ. ನಾವು ಏಣಿಲು, ಅಂದರೆ ಮಳೆಗಾಲದ ಭತ್ತದ ಬೆಳೆಗೆ ಎಂಒ4 ಹಾಕುತ್ತೇವೆ, ಕೆಂಪು ಕುಚ್ಚಲಕ್ಕಿಗೆ ಹೇಳಿ ಮಾಡಿಸಿದ ತಳಿ. ಅಕ್ಟೋಬರಿನಲ್ಲಿ ಕಟಾವು ಯಂತ್ರ ಬಂದಾಗ ಎಲ್ಲರ ಗದ್ದೆಯೂ ಒಟ್ಟಿಗೇ ಮುಗಿಯುತ್ತದೆ, ಮಳೆ ಯಾವಾಗ ಬರುತ್ತದೋ ಹೇಳಲಾಗದು, ಒಣಗಿಸಲು ಅಂಗಳವಿಲ್ಲ. ಹಸಿ ಭತ್ತವನ್ನು ಅಂದೇ ಕೊಟ್ಟುಬಿಡಬೇಕಾದ ಸ್ಥಿತಿ. 2025-26ರಲ್ಲಿ ಸಾಮಾನ್ಯ ಭತ್ತಕ್ಕೆ ಬೆಂಬಲ ಬೆಲೆ ಕ್ವಿಂಟಲಿಗೆ 2,369 ರೂಪಾಯಿ ಇತ್ತು, ತೇವಾಂಶ ಶೇ 17ರ ಒಳಗಿರಬೇಕು. ಖರೀದಿ ಕೇಂದ್ರ ತೆರೆಯುವ ಹೊತ್ತಿಗೆ ಹೆಚ್ಚಿನವರ ಭತ್ತ ಹೋಗಿಯೇ ಇರುತ್ತದೆ.

ಈಗ ನಿಮ್ಮ ಕಡೆಯ ಲೆಕ್ಕ ನೋಡಿ. ಒಣಗಿದ ಒಂದು ಕ್ವಿಂಟಲ್ ಭತ್ತಕ್ಕೆ ನೀವು 2,600 ರೂಪಾಯಿ ಕೊಟ್ಟರೂ, ಬೇಯಿಸಿ ಮಿಲ್ ಮಾಡಿಸಿದರೆ ಸುಮಾರು 65 ಕಿಲೋ ಅಕ್ಕಿ ಬರುತ್ತದೆ. ಅಂದರೆ ಅಕ್ಕಿಗೆ ಕಿಲೋಗೆ 40 ರೂಪಾಯಿ ಬಿತ್ತು. ಮಿಲ್ಲಿನ ಕೂಲಿ, ಸಾಗಾಟ ಸೇರಿಸಿದರೂ ಅಂಗಡಿಯ ಒಳ್ಳೆಯ ಕುಚ್ಚಲಕ್ಕಿಗಿಂತ ಕಡಿಮೆಯೇ. ನಮಗೆ ಬೆಂಬಲ ಬೆಲೆಗಿಂತ ಹೆಚ್ಚು ಸಿಗುತ್ತದೆ. ತೊಂದರೆ ಒಂದೇ: ದೊಡ್ಡ ಮಿಲ್ಲುಗಳು ಒಂದೆರಡು ಕ್ವಿಂಟಲನ್ನು ಬೇರೆಯಾಗಿ ಬೇಯಿಸಿಕೊಡುವುದಿಲ್ಲ. ಸಣ್ಣ ಮಿಲ್ಲಿನವರೂ ಒಂದು ಕೊಪ್ಪರಿಗೆ ತುಂಬುವಷ್ಟು ಭತ್ತ ಕೇಳುತ್ತಾರೆ. ಆದ್ದರಿಂದ ಏಳೆಂಟು ಮನೆಯವರು ಸೇರಬೇಕು.

ಬಂದರಿನ ದಿನಸಿ ವ್ಯಾಪಾರಿ

ವ್ಯಾಪಾರಿಯಾಗಿ ನನಗೆ ಇದು ನಷ್ಟದ ಮಾತಾದರೂ ಒಪ್ಪುತ್ತೇನೆ. ಒಂದು ಎಚ್ಚರ ಬೇಕು. ಹೊಸ ಅಕ್ಕಿ ಬೇಗ ಕರಗುತ್ತದೆ, ಗಂಜಿಗೆ ಸರಿ, ಅನ್ನಕ್ಕೆ ಮೂರ್ನಾಲ್ಕು ತಿಂಗಳು ಹಳೆಯದಾಗಬೇಕು. ಹಿಂದೆ ಬೈಹುಲ್ಲಿನ ಮುಡಿ ಕಟ್ಟಿ ಇಡುತ್ತಿದ್ದ ಕಾಲದಲ್ಲಿ ಈ ಹಳತಾಗುವ ಕೆಲಸ ತಾನಾಗಿ ಆಗುತ್ತಿತ್ತು. ಈಗ ಫ್ಲ್ಯಾಟಿನಲ್ಲಿ ಇಡುವವರು ಮೊದಲು ಬಿಸಿಲಿಗೆ ಹಾಕಿ, ಪೂರ್ತಿ ತಣಿದ ಮೇಲೆಯೇ ಬಿಗಿ ಮುಚ್ಚಳದ ಡ್ರಮ್ಮಿನಲ್ಲಿ ತುಂಬಿ, ನಡುನಡುವೆ ಒಣಮೆಣಸು, ಒಣಗಿದ ಕಹಿಬೇವಿನೆಲೆ ಇಡಲಿ. ಬಿಸಿ ಇರುವಾಗಲೇ ಮುಚ್ಚಿದರೆ ಒಳಗೆ ತೇವ ಕೂತು ಹುಳವಾಗುತ್ತದೆ. ತಿಂಗಳಿಗೆ 25 ಕಿಲೋ ಉಣ್ಣುವ ಮನೆ ಆರು ತಿಂಗಳಿಗಿಂತ ಹೆಚ್ಚಿನದನ್ನು ದಾಸ್ತಾನು ಮಾಡುವುದು ಬೇಡ.

ಕುಲಶೇಖರ ನಿವಾಸಿ

ನಮ್ಮ ಬೀದಿಯಲ್ಲಿ ಮಾತನಾಡಿ ನೋಡಿದೆ. ಆರು ಮನೆಯವರು ಸಿದ್ಧರಿದ್ದಾರೆ, ಬಂಟ್ವಾಳದ ಅಕ್ಕನ ಗುಂಪಿನಂತೆ ಬೇಳೆ, ಸಕ್ಕರೆಯನ್ನೂ ಒಟ್ಟಿಗೆ ತರಿಸಬೇಕೆಂಬ ಮಾತೂ ಬಂದಿದೆ. ಅತ್ತೆಯವರಿಗೆ ಕಾಯಿ ಇಲ್ಲದ ಊಟ ದಿನವೂ ಸೇರುವುದಿಲ್ಲ; ವಾರದಲ್ಲಿ ಮೂರು ದಿನ ಬೋಳು ಹುಳಿ, ಹುರುಳಿ ಸಾರು, ಪುಳಿಮುಂಚಿ, ಉಳಿದ ದಿನ ಎಂದಿನಂತೆ ಅರೆಯುವುದು ಎಂಬಲ್ಲಿಗೆ ಇಬ್ಬರೂ ಒಪ್ಪಿಕೊಂಡಿದ್ದೇವೆ. ಹಾಲು, ಮೊಟ್ಟೆ, ಬೇಳೆಗಳನ್ನು ಮುಟ್ಟುವುದಿಲ್ಲ. ಅಣ್ಣ, ಭತ್ತ ಇನ್ನೂ ನಿಮ್ಮಲ್ಲಿ ಇದೆಯೇ? ಎಷ್ಟು ಕ್ವಿಂಟಲ್ ಆದರೆ ಮಿಲ್ಲಿನವರು ಒಪ್ಪುತ್ತಾರೆ? ದರವನ್ನು ನೀವು ಹೇಳಿದ್ದಕ್ಕಿಂತ ಇಳಿಸಿ ಕೇಳುವುದಿಲ್ಲ.

ಬ್ರಹ್ಮಾವರದ ಕೃಷಿಕ

ನನ್ನಲ್ಲಿ ಒಣಗಿಸಿಟ್ಟದ್ದು ಹನ್ನೆರಡು ಕ್ವಿಂಟಲ್ ಇದೆ, ಪಕ್ಕದ ಮನೆಯವರಲ್ಲಿಯೂ ಸ್ವಲ್ಪ ಇದೆ. ಎಂಟು ಕ್ವಿಂಟಲಾದರೆ ಮಿಲ್ಲಿನವರು ಬೇರೆಯಾಗಿ ಬೇಯಿಸಿಕೊಡುತ್ತಾರೆ. ತೌಡು ಅವರೇ ಇಟ್ಟುಕೊಳ್ಳುವುದಾದರೆ ಕೂಲಿ ಕಡಿಮೆ, ನಿಮಗೆ ಬೇಕಿದ್ದರೆ ಹೆಚ್ಚು. ಅದನ್ನು ಮೊದಲೇ ತಿಳಿಸಿ. ಹೆಚ್ಚು ಪಾಲಿಶ್ ಮಾಡಿಸಬೇಡಿ, ಕೆಂಪು ಹೋದರೆ ಈ ಅಕ್ಕಿಯ ಗುಣವೇ ಹೋಯಿತು. ಆರು ಮನೆಗೆ ಎಂಟು ಕ್ವಿಂಟಲಿನ ಅಕ್ಕಿ ಸ್ವಲ್ಪ ಜಾಸ್ತಿಯೆನಿಸಿದರೆ ಮಣಿಪಾಲದವರು ಒಂದು ಪಾಲು ತೆಗೆದುಕೊಳ್ಳಬಹುದು, ಅವರಿಗೆ ದಾರಿಯೂ ಹತ್ತಿರ. ಖಾಲಿ ಗೋಣಿಗಳನ್ನು ನೀವೇ ತನ್ನಿ, ಈಗ ಒಳ್ಳೆಯ ಗೋಣಿಗೂ ದರ ಬಂದಿದೆ. ಡಿಸೆಂಬರ್ ಮೊದಲ ವಾರದೊಳಗೆ ಯಾರಿಗೆ ಎಷ್ಟು ಎಂದು ಇಲ್ಲಿಯೇ ಬರೆದು ತಿಳಿಸಿದರೆ ಮಿಲ್ಲಿನವರ ಹತ್ತಿರ ದಿನ ಗೊತ್ತು ಮಾಡುತ್ತೇನೆ.